ಅಪ್ಪನ ಕಾರಿನೊಳಗೆ ರಷ್ಯಾ

ಮಯಾಮಿಯಿಂದ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದ ಪೊಟ್ಟಣವನ್ನು ಎವೆಲಿಯೊ ಅಂಗಳದಲ್ಲಿ ಬಿಚ್ಚಿದ. ಒಳಗೆ ಹೊಚ್ಚಹೊಸ ಕಾರ್ಬುರೇಟರ್.

"ಅಪ್ಪನ ಕಾರಿಗೆ ಕಣೋ. ಹಳೇ ಅಮೆರಿಕನ್ ಮಾಡೆಲ್ಲು, ಊರೆಲ್ಲ ಹುಡುಕಿಸಿದೆ. ಬಾನೆಟ್ ಎತ್ತು."

ತಮ್ಮ ಲಾಸಾರೊ ಎತ್ತಲಿಲ್ಲ. ಹದಿನೆಂಟು ವರ್ಷದ ಹಿಂದೆ ಅಣ್ಣ ಹವಾನಾ ಬಿಟ್ಟು ಅಮೆರಿಕಕ್ಕೆ ಹೊರಟಾಗ, ಓಡಿಹೋಗುವವರನ್ನೆಲ್ಲ ಊರು ಕರೆಯುತ್ತಿದ್ದ ಹಾಗೆ "ಹುಳ! ಹುಳ!" ಎಂದು ಬೀದಿಯುದ್ದಕ್ಕೂ ಕೂಗಿದವನು ಅವನೇ. ಆಮೇಲೆ ಒಂದು ಕಾಗದ ಬರೆದವನಲ್ಲ. ಈಗ ಸರ್ಕಾರವೇ ಮನಸ್ಸು ಬದಲಿಸಿ, ಹೋದವರು ಒಂದು ವಾರ ಬಂದು ಹೋಗಲಿ ಎಂದಿತ್ತು.

"ಹುಳ ಚಿಟ್ಟೆಯಾಗಿ ಬಂದಿದೆ. ಡಾಲರಿನ ರೆಕ್ಕೆ ಬೇರೆ," ಎಂದ ಲಾಸಾರೊ.

"ರೆಕ್ಕೆ ಆಮೇಲೆ ಮುರಿ. ಮೊದಲು ಎತ್ತೋ."

ಎತ್ತಿದ. ಬಗ್ಗಿ ನೋಡಿದ ಎವೆಲಿಯೊ ಬಗ್ಗಿದಲ್ಲೇ ಉಳಿದ. ಎಂಜಿನ್ನಿನ ಮೇಲೆ ರಷ್ಯನ್ ಅಕ್ಷರಗಳು. ಕಾರ್ಬುರೇಟರ್ ಎಲ್ಲೂ ಕೂರುವಂತಿರಲಿಲ್ಲ.

"ಅಪ್ಪನ ಎಂಜಿನ್ ಕಿತ್ತು ಈ ಟ್ರ್ಯಾಕ್ಟರ್ ತುಂಬಿದ್ದೀಯಾ?"

"ಅದು ಸತ್ತಿತ್ತು. ಒಂದು ಬೋಲ್ಟು ಬರೋಕೂ ನಿನ್ನ ಅಮೆರಿಕ ಬಿಡಲಿಲ್ಲ. ರಷ್ಯಾದವರು ಕೊಟ್ರು, ಹಾಕ್ದೆ. ಹೊಟ್ಟೆ ಉರೀತಾ?"

"ಧರ್ಮಕ್ಕೆ ಕೊಟ್ರಾ?"

"ಅಲ್ಲಿ ನಿಂಗೇನು ಧರ್ಮಕ್ಕೆ ಊಟ ಹಾಕ್ತಿದಾರಾ?"

ಆ ದೊಡ್ಡ ದೇಶಗಳಲ್ಲಿ ಒಂದು ಚಂದ್ರನನ್ನು ತುಳಿದು ಬಂದೆ ಎಂದು ಬೀಗುತ್ತಿತ್ತು, ಇನ್ನೊಂದು ಆಕಾಶಕ್ಕೆ ಮೊದಲು ಹತ್ತಿದ್ದು ನಾನೇ ಎಂದು ಎದೆ ತಟ್ಟಿಕೊಳ್ಳುತ್ತಿತ್ತು. ಇಲ್ಲಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಅವರ ಜಗಳವನ್ನು ಹೊತ್ತುಕೊಂಡು ಬೈದಾಡುತ್ತಿದ್ದರು. ಥೂ!

ಅಮ್ಮ ಮಿಲಾಗ್ರೋಸ್ ಹೂವಿನ ಉಡುಪು ತೊಟ್ಟು ಬಂದವಳೇ ಹಿಂದಿನ ಸೀಟಿನಲ್ಲಿ ಕೂತಳು. "ಇರೋದೇ ಒಂದು ವಾರ. ಅದನ್ನೂ ಕಚ್ಚಾಡಿ ಕಳೀತೀರಾ? ಇವತ್ತು ಭಾನುವಾರ. ನಿಮ್ಮಪ್ಪ ಇದ್ದಾಗ ಇಷ್ಟೊತ್ತಿಗೆ ಸಮುದ್ರ ತೋರಿಸ್ತಿದ್ರು. ನಡೀರಿ."

ಕಾರು ಗುಡುಗುಡು ಎನ್ನುತ್ತ ಹೊರಟಿತು. ಅಣ್ಣತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎವೆಲಿಯೊ ಸೀಟಿನ ಹರಿದ ಹೊದಿಕೆಯ ಮೇಲೆ ಕೈಯಾಡಿಸಿದ. ಅಪ್ಪನ ಚುರುಟಿನ ವಾಸನೆ ಇನ್ನೂ ಅದರಲ್ಲಿ ಕೂತಿತ್ತು. ಕಿಟಕಿಯಿಂದ ಉಪ್ಪುಗಾಳಿ ನುಗ್ಗಿದಾಗ ಅವನ ಕಣ್ಣು ತುಂಬಿತು. ಸಮುದ್ರದ ತಡೆಗೋಡೆಯ ಪಕ್ಕ ಎಂಜಿನ್ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು.

ಅಮ್ಮನನ್ನು ಮುಂದೆ ಕೂರಿಸಿ, ಸ್ಟೀರಿಂಗ್ ಕೈಗೆ ಕೊಟ್ಟು, ಇಬ್ಬರೂ ಹಿಂದೆ ಹೆಗಲು ಕೊಟ್ಟರು.

"ಅಪ್ಪನ ಎಂಜಿನ್ ಹೀಗೆ ಕೈ ಕೊಡ್ತಿರಲಿಲ್ಲ. ಹಾಡ್ತಿತ್ತು ಕಣೋ," ಎಂದ ಎವೆಲಿಯೊ ಏದುಸಿರು ಬಿಡುತ್ತ.

"ಎಲ್ಲಿ ಹಾಡ್ತಿತ್ತು? ಒಳಗೆ ಕೂತು ಹಾಡ್ತಿದ್ದದ್ದು ಅಪ್ಪ. ಹಿಂದೆ ತಳ್ತಿದ್ದದ್ದು ನಾವು. ಮರೆತ್ಯಾ ಅಣ್ಣಾ?"

ಎವೆಲಿಯೊಗೆ ನಗು ಉಕ್ಕಿತು. ನಕ್ಕು ನಕ್ಕು ಕಾಲು ಜಾರಿದಾಗ ತಮ್ಮ ಅವನ ತೋಳು ಹಿಡಿದ. ಹಿಡಿದವನು ಬಿಡಲಿಲ್ಲ.

ಗೋಡೆಯ ಮೇಲೆ ಕೂತು ಗಾಳ ಹಾಕಿದ್ದವನೊಬ್ಬ ಕೂಗಿದ: "ಏನಮ್ಮಾ, ಸತ್ತಿದ್ದು ಅಮೆರಿಕಾನೋ, ರಷ್ಯಾನೋ?"

"ಎರಡೂ ಸಾಯ್ಲಿ ಬಿಡಪ್ಪಾ," ಎಂದಳು ಅಮ್ಮ. "ತಳ್ಳೋಕೆ ನನ್ನ ಮಕ್ಕಳಿಬ್ರೂ ಇದಾರೆ."