ಕಂಡಕ್ಟರನ ಕಿಟಕಿ

"ಇನ್ನೊಂದೇ ಇಟ್ಟಿಗೆ, ಇಡ್ಲಾ ಅಣ್ಣಾ?" ಎಂದ ಮೇಸ್ತ್ರಿ. ಮನೆ ಕಟ್ಟಿಸುತ್ತಿದ್ದ ಟೈಲರ್ ಅವನನ್ನು ತಡೆದು, ಹೊಸ ಗೋಡೆಯಲ್ಲಿ ಉಳಿದಿದ್ದ ಸಂದಿಯಲ್ಲಿ ಇಣುಕಿದ. ಅಂಟಿಕೊಂಡೇ ಇದ್ದದ್ದು ಪಕ್ಕದ ಮನೆ ಮುದುಕನ ಕಿಟಕಿ. ಬಸ್ ಕಂಡಕ್ಟರಾಗಿ ರಿಟೈರಾದರೂ ಸೀಟಿ ಬಿಡದ ಆಸಾಮಿ. ಮರಳು ಚೆಲ್ಲಿದರೆ ಸೀಟಿ, ಸುತ್ತಿಗೆ ಸದ್ದಾದರೆ ಸೀಟಿ. ಆರು ತಿಂಗಳಿಂದ ಜೀವ ಹಿಂಡಿದ್ದ. ಸಾಲುಮನೆಯಾದರೂ ಮನಸ್ಸು ಮಾಡಿದ್ದರೆ ಒಂದಡಿ ಬಿಟ್ಟು ಕಟ್ಟಬಹುದಿತ್ತು. ಟೈಲರ್ ಬೇಕೆಂದೇ ಬಿಟ್ಟಿರಲಿಲ್ಲ.

ಒಳಗೆ ಮಂಚದ ಮೇಲೆ ಮುದುಕನ ಹೆಂಡತಿ ಮಲಗಿದ್ದಳು. ಎದ್ದು ಓಡಾಡಿ ವರ್ಷಗಳೇ ಆದಂತಿತ್ತು. ನೆಲದ ತುಂಬ ಮಂಚದ ಕಾಲು ಗೀಚಿದ ಹೊಸ ಗೆರೆಗಳು. ಬೆಳಗಿನಿಂದ ಗೋಡೆ ಏರಿದಂತೆಲ್ಲ ಮುದುಕ ಬಿಸಿಲಿನ ಹಿಂದೆ ಮಂಚವನ್ನು ಗೇಣು ಗೇಣೇ ಎಳೆದಿದ್ದ. ಈಗ ಉಳಿದದ್ದು ಅಂಗೈಯಗಲದ ಬೆಳಕು. ಅದಕ್ಕೆ ಆಕೆಯ ಮುಖ ಸಿಗುವಂತೆ ದಿಂಬು ಸರಿಸುತ್ತಿದ್ದ. ಅಷ್ಟರಲ್ಲಿ ಆ ಮುಖದ ಮೇಲೆ ಟೈಲರನ ತಲೆಯ ನೆರಳು ಬಿತ್ತು.

"ಮೊದ್ಲೇ ಒಂದು ಮಾತು ಹೇಳ್ಬಾರದಿತ್ತಾ ಯಜಮಾನ್ರೇ?" ಎಂದ ಟೈಲರ್.

ಮುದುಕ ಸೀಟಿ ಊದಲಿಲ್ಲ. "ಸ್ವಲ್ಪ ಪಕ್ಕಕ್ಕೆ ಸರೀತೀರಾ?" ಎಂದ ಮೆಲ್ಲಗೆ. "ಅವಳ ಬೆಳಕಿಗೆ ಅಡ್ಡ ಆಗ್ತಿದೆ."

ಟೈಲರ್ ಗಡಬಡಿಸಿ ಪಕ್ಕಕ್ಕೆ ಸರಿದ. ಅದನ್ನೇ ಒಪ್ಪಿಗೆ ಎಂದುಕೊಂಡ ಮೇಸ್ತ್ರಿ ಇಟ್ಟಿಗೆ ಕೂರಿಸಿ, ಕರಣೆಯಿಂದ ಎರಡು ಬಾರಿ ತಟ್ಟಿದ. "ತೆಗಿ" ಎನ್ನಲು ಟೈಲರ್ ಬಾಯಿ ತೆರೆದ. ತೆಗೆಸಬೇಕಾದದ್ದು ಒಂದು ಇಟ್ಟಿಗೆಯಲ್ಲ, ಇಡೀ ಗೋಡೆ.

ಗೋಡೆಯಾಚೆ, ಹಾಡುಹಗಲಲ್ಲಿ, ಯಾರೋ ಲೈಟಿನ ಸ್ವಿಚ್ ಒತ್ತಿದ ಸದ್ದು ಕೇಳಿಸಿತು.