ಬಾವಲಿಯ ಕಾರ್ಡು

ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ನೇಮದಂತೆ ನೇಮಣ್ಣ ಮಾಸ್ತರು ಕಾರಿನಲ್ಲೇ ಕೂತು ಚಪಾತಿ ತಿನ್ನುತ್ತಿದ್ದರು. ಕಾರು ನಿಂತದ್ದು ಕಣಕುಂಬಿಯ ಆಚೆ, ಕಾಡಿನ ಅಂಚಿನಲ್ಲಿ. ಮಗಳು ಸ್ನೇಹಲ ಪಲ್ಯದ ಡಬ್ಬಿಯನ್ನು ಅವರ ಬೆರಳಿಗೆ ತಾಗುವಂತೆ ಹಿಡಿದಿದ್ದಳು.

"ಲಗೂ ಉಣ್ರಿ ಮಾಸ್ತರ," ಎಂದ ಅರಣ್ಯ ಇಲಾಖೆಯ ವಾಚರ್ ಸಾತಪ್ಪ. "ನಿಮ್ಮ ಊಟ ಮುಗದ ಕೂಡ್ಲೇ ಬಾವಲಿಗಳ ಊಟದ ಹೊತ್ತು. ಅವು ಟೈಮ್ ತಪ್ಪಂಗಿಲ್ರಿ."

ಮಾಸ್ತರು ನಗಲಿಲ್ಲ. ಟಿಳಕವಾಡಿಯ ಸಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು ಅವರು. ಸ್ನೇಹಲಳಿಗೆ ಪೆನ್ಸಿಲ್ ಹಿಡಿಯಲು ಕಲಿಸಿದವರೂ ಅವರೇ. ಹೋದ ವರ್ಷ ಕಣ್ಣು ಪೂರ್ತಿ ಹೋದ ಮೇಲೆ, ಯಾರಿಗೂ ಅಡ್ಡ ಆಗಬಾರದೆಂದು ಹೊಸ್ತಿಲು ದಾಟಿರಲಿಲ್ಲ. ಮಗಳು ಏನು ಬರೆಯುತ್ತಿದ್ದಾಳೆಂದು ಕೇಳುವುದನ್ನೂ ಬಿಟ್ಟಿದ್ದರು. ಇವತ್ತು ಮನೆಯಲ್ಲಿ ಬೇರೆ ಯಾರೂ ಇಲ್ಲವೆಂದು ಅವಳು ಒತ್ತಾಯ ಮಾಡಿ ಕರೆತಂದಿದ್ದಳು.

ಅವಳು ಬರೆಯುತ್ತಿದ್ದುದು ಶಕುನದ ಕಾರ್ಡುಗಳ ಚಿತ್ರ. ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ಒಂದು ಕಾರ್ಡು ಎತ್ತಿದರೆ ಅದರ ಮೇಲಿನ ಪ್ರಾಣಿ ಉತ್ತರ ಹೇಳುತ್ತದಂತೆ. ಮೆಕ್ಸಿಕೊದ ಪ್ರಕಾಶಕಿಯೊಬ್ಬಳು ಅಲ್ಲಿನ ಅಜ್ಟೆಕ್ ಜನರ ನಂಬಿಕೆಗಳಿಂದ ಪ್ರಾಣಿಗಳನ್ನು ಆರಿಸಿ ಕಳಿಸಿದ್ದಳು. ಜಾಗ್ವಾರ್, ಹದ್ದು, ಗರಿಯುಳ್ಳ ಸರ್ಪ ಎಲ್ಲವೂ ಒಪ್ಪಿಗೆಯಾಗಿದ್ದವು. ಬಾವಲಿ ಮಾತ್ರ ಪ್ರತಿ ಸಲ ತಿರುಗಿ ಬರುತ್ತಿತ್ತು. "ನಿನ್ನ ಬಾವಲಿ ಬರೀ ಹೆದರಿಸುತ್ತದೆ. ನಮ್ಮ ಹಳೆಯ ಕಥೆಯಲ್ಲಿ ಲೋಕಕ್ಕೆ ಹೂವು ಬಂದದ್ದೇ ಅದರಿಂದ. ನೀನು ಅದನ್ನು ಒಮ್ಮೆಯಾದರೂ ನೋಡಿದ್ದೀಯಾ?" ಎಂದು ಆಕೆ ಬರೆದಿದ್ದಳು. ಇನ್ನೊಂದು ಸಲ ತಪ್ಪಿದರೆ ಇಡೀ ಕೆಲಸ ಬೇರೆಯವರ ಪಾಲು. ಸ್ನೇಹಲ ನೋಡಿರಲಿಲ್ಲ. ಬಾವಲಿ ಎಂದರೆ ಸಣ್ಣಂದಿನಿಂದ ಅವಳಿಗೆ ಮೈ ಜುಮ್ಮೆನ್ನುವಷ್ಟು ಹೆದರಿಕೆ.

"ನಾ ಇಲ್ಲೇ ಕುಂದರ್ತೀನಿ. ನೀ ಹೋಗಿ ಬಾ," ಎಂದರು ಮಾಸ್ತರು ಕೈ ತೊಳೆದು.

"ಕರಡಿ ತಿರುಗೂ ಕಾಡು ಇದು. ನಿಮ್ಮನ್ನ ಒಬ್ಬರನ್ನ ಹೆಂಗ ಬಿಡೂದ್ರಿ ಅಪ್ಪಾ?"

ಅವರು ಗೊಣಗುತ್ತ ಇಳಿದರು. ಮಗಳ ಕೈ ಹಿಡಿದು, ಬೇರು ಕಲ್ಲುಗಳನ್ನು ಎಡವುತ್ತ ದಿಣ್ಣೆ ಹತ್ತಿದರು. ಮೇಲೆ ಎರಡು ದೊಡ್ಡ ಬಂಡೆಗಳ ನಡುವೆ ಗವಿಯ ಕರಿ ಬಾಯಿ ಕಾಣಿಸಿತು. ಒಳಗಿನಿಂದ ಹಿಕ್ಕೆಯ ಕಟು ವಾಸನೆಯ ಬೆಚ್ಚಗಿನ ಗಾಳಿ ಬರುತ್ತಿತ್ತು.

"ಬಾಯಿಗೆ ನೇರ ನಿಂದರಬ್ಯಾಡ್ರಿ. ಹಿಂಗ ಬಾಜೂಕ ಬರ್ರಿ," ಎಂದು ಸಾತಪ್ಪ ಕೆಳಗಿನಿಂದ ಕೂಗಿದ.

ಅವರು ಪಕ್ಕಕ್ಕೆ ಸರಿಯುವಷ್ಟರಲ್ಲಿ ಒಳಗೆಲ್ಲೋ ಒಣ ಎಲೆಗಳ ರಾಶಿಯ ಮೇಲೆ ಗಾಳಿ ಎದ್ದಂತೆ ಸದ್ದಾಯಿತು. ಮೊದಲ ಬಾವಲಿ ಸ್ನೇಹಲಳ ಕಿವಿಯ ಹತ್ತಿರವೇ ಹಾದುಹೋಯಿತು. ಅವಳು ಚೀರಿ, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಕುಸಿದು ಕೂತಳು. ಆಮೇಲೆ ಅರಿವಾಯಿತು. ಅಪ್ಪನ ಕೈಯನ್ನು ಬಿಟ್ಟುಬಿಟ್ಟಿದ್ದಳು. ಅವರ ಹಿಂದೆ ಇಳಿಜಾರಿತ್ತು.

"ಅಪ್ಪಾ! ಅಲುಗಾಡಬ್ಯಾಡ್ರಿ!"

ಅವಳ ಕೂಗು ರೆಕ್ಕೆಗಳ ಸದ್ದಿನಲ್ಲಿ ಮುಳುಗಿಹೋಯಿತು. ತಲೆ ಎತ್ತಿ ನೋಡಿದಳು.

ಗವಿಯಿಂದ ಹೊಳೆಯೇ ಹೊರಟಂತೆ ಬಾವಲಿಗಳು ಬರುತ್ತಿದ್ದವು. ಆ ಹೊಳೆಯ ನಟ್ಟನಡುವೆ ಅಪ್ಪ ನೆಟ್ಟಗೆ ನಿಂತಿದ್ದರು. ಅವರಿಂದ ಒಂದು ಗೇಣು ದೂರದಲ್ಲಿ ಹೊಳೆ ಎರಡಾಗಿ ಸೀಳಿ, ಭುಜಗಳನ್ನು ಬಳಸಿ, ಬೆನ್ನ ಹಿಂದೆ ಮತ್ತೆ ಕೂಡಿ ಕಣಿವೆಯ ಮೇಲಿನ ಕೆಂಪು ಆಕಾಶಕ್ಕೆ ಹರಿದುಹೋಗುತ್ತಿತ್ತು. ರೆಕ್ಕೆಯ ಗಾಳಿಗೆ ಅವರ ಬಿಳಿ ಕೂದಲು ಹಾರಾಡುತ್ತಿತ್ತು. ಅವರು ಮುಖ ಮೇಲೆತ್ತಿದರು. ಮೆಲ್ಲಗೆ ತೋಳುಗಳನ್ನು ಚಾಚಿದರು. ಹೊಳೆಯೂ ಅಷ್ಟೇ ಅಗಲವಾಗಿ ದಾರಿ ಬಿಟ್ಟಿತು. ಸ್ನೇಹಲಳಿಗೆ ಹೆದರಿಕೆ ಯಾವಾಗ ಹೋಯಿತೋ ತಿಳಿಯಲಿಲ್ಲ. ಕಣ್ಣಿನಿಂದ ಸುಮ್ಮನೆ ನೀರಿಳಿಯುತ್ತಿತ್ತು. ಫೋಟೊ ತೆಗೆಯಲೆಂದು ಕೈಯಲ್ಲಿ ಹಿಡಿದು ತಂದಿದ್ದ ಫೋನು ಎಲ್ಲಿ ಬಿದ್ದಿತೆಂದು ಹುಡುಕುವ ಮನಸ್ಸೂ ಆಗಲಿಲ್ಲ. ದಿನಾ ನೋಡುವ ಸಾತಪ್ಪನೂ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ.

ಕೊನೆಯ ಕೆಲವು ಬಾವಲಿಗಳು ಹೋದ ಮೇಲೆ ಕಾಡು ಒಮ್ಮೆಗೇ ನಿಶ್ಶಬ್ದವಾಯಿತು. ಸ್ನೇಹಲ ಓಡಿ ಹೋಗಿ ತಂದೆಯ ತೋಳು ಹಿಡಿದಳು.

"ಹೆದರಿ ಕೈ ಬಿಟ್ಟೆನ್ರಿ ಅಪ್ಪಾ. ತಪ್ಪಾತು."

"ಬಿಟ್ಟಿದ್ದು ಛಲೋ ಆತು. ಅಂಗೈ ಕೊಡು ಇಲ್ಲೆ."

ಅವಳ ಅಂಗೈಯ ಮೇಲೆ ಅವರು ತೋರುಬೆರಳಿನಿಂದ ಗೆರೆ ಎಳೆದರು. ಮಣಿಕಟ್ಟಿನಿಂದ ಹೊರಟ ಗೆರೆ ನಡುವೆ ಎರಡಾಗಿ ಒಡೆದು, ಬಾಗಿ, ಬೆರಳುಗಳ ಬುಡದಲ್ಲಿ ಮತ್ತೆ ಒಂದಾಯಿತು.

"ಹಿಂಗ ಹೋದುವು. ಈ ನಡುವ ನಾ ಇದ್ದೆ. ತಿಳೀತಿಲ್ಲೊ?"

"ತಿಳೀತ್ರಿ."

ಮುಂದೆ ಅವಳು ಕಾರ್ಡಿನಲ್ಲಿ ಬರೆದದ್ದು ಆ ಗೆರೆಯನ್ನೇ. ಮೆಕ್ಸಿಕೊದಿಂದ ಈ ಸಲ ಉತ್ತರ ಬಂದದ್ದು ಒಂದೇ ಪದದಲ್ಲಿ: "ಇದೇ." ಆದರೆ ಆ ಸಂಜೆ ದಿಣ್ಣೆಯ ಮೇಲೆ ಕಾರ್ಡಿನ ನೆನಪು ಯಾರಿಗೂ ಇರಲಿಲ್ಲ. ಮಾಸ್ತರು ಮಗಳ ಅಂಗೈಯನ್ನು ಬಿಡದೆ, ಇನ್ನೂ ಗಾಳಿಗೆ ಮುಖ ಕೊಟ್ಟು ನಿಂತಿದ್ದರು.

"ಸ್ನೇಹಾ," ಎಂದರು. "ಅಷ್ಟೊಂದು ಜೀವ ಹೋದುವು. ಒಂದಕ್ಕೂ ನಾ ಅಡ್ಡ ಆಗಲಿಲ್ಲ ನೋಡು."