ಚೆನ್ನಾಗಿದೆ ಮೇಡಂ

ಆ ಕಾಲದಲ್ಲಿ ಒಂದು ಜಾಹೀರಾತಿಗೆ ತಗಲುತ್ತಿದ್ದ ಖರ್ಚು ಇಷ್ಟೇ: ಎರಡು ಫ್ಲಾಸ್ಕ್ ಚಹಾ, ಒಂದು ಕಟ್ಟು ಕಾಗದ, ಒಂದು ದೊಡ್ಡ ಜಗಳ. ಅವಳು ಬರೆಯುತ್ತಿದ್ದಳು, ಅವಳ ಸಹಾಯಕ ಹೊಡೆದುಹಾಕುತ್ತಿದ್ದ. "ಇದನ್ನ ಓದಿ ಯಾರಕ್ಕಾ ಯಂತ್ರ ಕೊಳ್ತಾರೆ? ನಿಮ್ಮಮ್ಮನೂ ಕೊಳ್ಳಲ್ಲ" ಎನ್ನುತ್ತಿದ್ದ. ಕಚೇರಿಯಲ್ಲಿ ಅವನಿಗೆ ಕತ್ತರಿ ಎಂದೇ ಹೆಸರು. ಅಂಗಡಿಗಳಿಗೆ ಬಿಲ್ ಹಾಕುವ ಯಂತ್ರ ಮಾರುತ್ತಿದ್ದ ಆ ಪುಟ್ಟ ಕಂಪನಿ ಹಾಗೆ ಜಗಳವಾಡಿಕೊಂಡೇ ಬೆಳೆಯಿತು.

ಈಗ ಕತ್ತರಿ ಮಾರ್ಕೆಟಿಂಗ್ ಮುಖ್ಯಸ್ಥ. ನಿವೃತ್ತಳಾಗಿದ್ದ ಅವಳು ಈ ವರ್ಷ ನಿರ್ದೇಶಕ ಮಂಡಳಿಯ ಸದಸ್ಯೆಯಾಗಿ ಮರಳಿದ್ದಳು. ಸಭೆ ಮುಗಿಸಿ ಮೆಟ್ಟಿಲಿಳಿಯುವಾಗ ತಾವು ಜಾಹೀರಾತು ಬರೆಯುತ್ತಿದ್ದ ಹಳೆಯ ಕೋಣೆಯಿಂದ ಮಾರ್ಕರ್ ಪೆನ್ನಿನ ವಾಸನೆ ಮೂಗಿಗೆ ಬಡಿಯಿತು. ಕಾಲು ತಾನಾಗಿ ಒಳಗೆ ನಡೆಯಿತು. ಕತ್ತರಿಯೂ ಅವನ ತಂಡದವರೂ ದಡಬಡಿಸಿ ಎದ್ದರು.

"ಕೂತ್ಕೊಳ್ರಪ್ಪ, ಇದೇನು ಶಾಲೇನಾ? ಹೊಸ ಯಂತ್ರದ ಜಾಹೀರಾತಾ? ಕೊಡಿಲ್ಲಿ ಪೆನ್ನು."

ಬಿಳಿ ಹಲಗೆಯ ಮೇಲೆ ಬರೆದಳು: 'ನಿಮ್ಮ ಅಂಗಡಿಯ ಮುಂದಿನ ಸಾಲು ಬೇಗ ಕರಗುತ್ತದೆ.' ಎಷ್ಟೋ ವರ್ಷಗಳ ಮೇಲೆ ಕೈಗೆ ಜೀವ ಬಂದಂತಾಯಿತು. ಸೆರಗು ಸಿಕ್ಕಿಸಿಕೊಂಡು, ವಾದಕ್ಕೆ ಸಿದ್ಧಳಾಗಿ, ಕತ್ತರಿಯ ಕಡೆ ತಿರುಗಿದಳು.

"ಚೆನ್ನಾಗಿದೆ ಮೇಡಂ" ಎಂದ ಅವನು.

"ಸಾಲೇ ಕರಗಿ ಹೋದ್ರೆ ವ್ಯಾಪಾರ ಇಲ್ಲ ಅಂತ ಅಂಗಡಿಯವನು ಹೆದರಲ್ವೇನೋ?"

"ಇಲ್ಲ ಇಲ್ಲ, ಚೆನ್ನಾಗಿದೆ."

ಅವಳು ಅದನ್ನು ಒರೆಸಿ, ತನಗೆ ಹೊಳೆದದ್ದರಲ್ಲೇ ಅತಿ ಪೆದ್ದಾದ ಮಾತನ್ನು ಬರೆದಳು: 'ನಮ್ಮ ಯಂತ್ರ, ಯಂತ್ರಗಳಲ್ಲೇ ಯಂತ್ರ!'

"ಇದಂತೂ ಇನ್ನೂ ಚೆನ್ನಾಗಿದೆ ಮೇಡಂ." ಹಿಂದೆ ಕುಳಿತವರು ತಲೆಯಾಡಿಸಿದರು. ಒಬ್ಬಳು ಅದನ್ನು ಬರೆದುಕೊಂಡೂ ಬಿಟ್ಟಳು.

ಅವಳು ಅವನನ್ನು ಕಿಟಕಿಯ ಬಳಿಗೆ ಎಳೆದಳು. "ಏನು ಬಂತೋ ನಿನಗೆ? ಮೊದಲಾಗಿದ್ರೆ ಪೆನ್ನು ಕಿತ್ಕೊಂಡು ನನ್ನನ್ನ ಆಚೆ ಕಳಿಸ್ತಿದ್ದೆ."

"ಆಗ ನೀವು ಅಕ್ಕ." ಅವನು ದನಿ ತಗ್ಗಿಸಿದ. "ಈಗ ನನ್ನನ್ನ ಇಟ್ಕೋಬೇಕೋ ಬೇಡ್ವೋ ಅಂತ ಮುಂದಿನ ತಿಂಗಳು ಮಂಡಳಿಯಲ್ಲಿ ನೀವುಗಳು ತೀರ್ಮಾನ ಮಾಡ್ತೀರಿ. ನನಗೂ ಸಂಸಾರ ಇದೆ ಮೇಡಂ."

ಅವಳು ಹಲಗೆಯನ್ನು ತಾನೇ ಒರೆಸಿ, "ನೀವೇ ಬರೀರಪ್ಪ, ನನಗೆ ಅಭ್ಯಾಸ ತಪ್ಪಿದೆ" ಎಂದು ಹೊರಬಂದಳು.

ಬಾಗಿಲು ಮುಚ್ಚಿತು. ಆಮೇಲೆ ಕತ್ತರಿಯ ದನಿ ಕೇಳಿಸಿತು: "ಯಂತ್ರಗಳಲ್ಲೇ ಯಂತ್ರ ಅಂತೆ! ಅದನ್ನ ಬೇರೆ ಬರ್ಕೊಂಡ್ಯಲ್ಲ ತಾಯಿ, ಹರಿದುಹಾಕು ಮೊದಲು!" ಒಳಗೆ ನಗೆ ಎದ್ದಿತು. ಹೊರಗೆ ನಿಂತ ಅವಳೂ ನಕ್ಕಳು, ಒಬ್ಬಳೇ.

ಮಂಡಳಿಯಲ್ಲಿ ಅವಳಿಗೆ ಮತ ಹಾಕುವ ಹಕ್ಕು ಸಿಕ್ಕಿತ್ತು. ಅವಳ ತಪ್ಪನ್ನು ಅವಳ ಮುಖಕ್ಕೇ ಹೇಳುತ್ತಿದ್ದವನು ಕೈತಪ್ಪಿ ಹೋಗಿದ್ದ.